ಎಂಟಕ್ಷರದೊಳಗೆ ಹಿಡಿಸುವ ಹೆಸರು

ಕುವೆಂಪು ಅವರಿಗೆ ಹಳೇ ಯುನಿಕ್ಸಿನಲ್ಲಿ ಲಾಗಿನ್ ಆರಾಮಾಗಿ ಸಿಕ್ತಿತ್ತು. ಇಂಗ್ಲಿಷಿನಲ್ಲಿ ಬರೆದರೆ ಏಳೇ ಅಕ್ಷರ. ಮಾಸ್ತಿಯವರು ‘ಶ್ರೀನಿವಾಸ’ ಅಂತ ಕೊಟ್ಟಿದ್ದರೆ ಮಾತ್ರ ಒಂಬತ್ತಾಗಿ, ಕೊನೆಯ ‘ಎ’ ಹೊರಗೇ ಉಳಿಯುತ್ತಿತ್ತು. ಮಿತಿ ಎಂಟು. ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಕಟ್ಟಿದ ಕೆನ್ ಥಾಂಪ್ಸನ್ ಲಾಗಿನ್ ‘ಕೆನ್’, ಡೆನಿಸ್ ರಿಚಿ ಲಾಗಿನ್ ‘ಡಿಎಂಆರ್’. ಅವರಿಗೆ ಎಂಟು ಧಾರಾಳ ಬಿಡಿ.

ನಮ್ಮ ಲ್ಯಾಬಿನ ಸರ್ವರ್ ಲಿನಕ್ಸ್, ಅಲ್ಲಿ 32 ಅಕ್ಷರದವರೆಗೆ ಹೆಸರಿಡಬಹುದು. ನಮಗೆ ಕೊಟ್ಟಿರೋದು ಹತ್ತಕ್ಷರದ ಯುಎಸ್‌ಎನ್, ಮುಂದೆ ಒಂದು ‘ಯು’. ಆದರೆ ‘ಪಿಎಸ್’ ಕಮ್ಯಾಂಡ್ ಪಟ್ಟಿ ತೋರಿಸುವಾಗ ಹೆಸರಿನ ಕಾಲಮ್ ಇನ್ನೂ ಎಂಟೇ ಅಗಲ. ಉದ್ದ ಹೆಸರಾದರೆ ಏಳಕ್ಷರ ಹಾಕಿ ಒಂದು ಪ್ಲಸ್ ಅಂಟಿಸುತ್ತೆ. ಯುಎಸ್‌ಎನ್‌ನಲ್ಲಿ ನಮ್ಮನ್ನು ಬೇರೆ ಮಾಡೋದು ಕೊನೆಯ ಮೂರಂಕಿ, ಅದೇ ಮಾಯ! ಕಂಪ್ಯೂಟರ್ ಸೈನ್ಸ್, ಸಿವಿಲ್ ಎರಡೂ ‘ಸಿ’ಯಲ್ಲೇ ನಿಲ್ಲೋದರಿಂದ ಎರಡು ಬ್ರಾಂಚ್ ಸೇರಿ ಒಬ್ಬನೇ ಮನುಷ್ಯ.

ಕಳೆದ ಸೆಮಿಸ್ಟರಿನಲ್ಲಿ ಯಾರದ್ದೋ ಪ್ರೋಗ್ರಾಂ ಮುಗಿಯದ ಲೂಪಿನಲ್ಲಿ ಸಿಕ್ಕಿ ಸರ್ವರ್ ಆಮೆಯಾಯ್ತು. ಸರ್ ಪಟ್ಟಿ ನೋಡಿ ನನ್ನ ಗೆಳತಿಯ ಅಕೌಂಟ್ ಬಂದ್ ಮಾಡಿದರು. ಮಾರನೇ ದಿನ ಸಬ್‌ಮಿಷನ್, ಅವಳ ಕೋಡೆಲ್ಲ ಅದರೊಳಗೆ. “ಸರ್, ಅದು ನಂದಲ್ಲ” ಅಂದರೆ, “ನಿಂದೇ ನಂಬರ್ ಇದೆಯಲ್ಲಮ್ಮ” ಅಂತ ಉತ್ತರ. ಕೊನೆಗೆ ಅವಳೇ ಹೆಸರಿನ ಕಾಲಮ್ 20 ಅಗಲ ಮಾಡಿ ಪಿಎಸ್ ಓಡಿಸಿ ತೋರಿಸಿದಳು. ಬಾಲದ ಮೂರಂಕಿ ಬೇರೆ ಇತ್ತು. ಸಂಜೆಗೆ ಅಕೌಂಟ್ ವಾಪಸ್ ಬಂತು. ಸಾರಿ ಮಾತ್ರ ಬರಲಿಲ್ಲ.

ಒಂದು ಸಂಖ್ಯೆ ತಿದ್ದೋಕೆ ಇಷ್ಟು ವರ್ಷ ಯಾಕೆ ಬೇಕು ಅಂತ ನನಗೆ ಆಗ ತಲೆಗೆ ಹತ್ತಿತು. ವಿಷಯ ಏನಂದ್ರೆ, ಆ ಸಂಖ್ಯೆ ಒಂದು ಕಡೆ ಇಲ್ಲ. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ ಯಾರು ಲಾಗಿನ್ ಆದರು ಅನ್ನೋ ದಾಖಲೆಯಲ್ಲಿ ಟರ್ಮಿನಲ್‌ಗೆ 8 ಬೈಟ್, ಹೆಸರಿಗೆ 8, ಸಮಯಕ್ಕೆ 4, ಒಟ್ಟು 20. ದಾಖಲೆಗಳ ಮಧ್ಯೆ ಗೆರೆಯಿಲ್ಲ, ಅಲ್ಪವಿರಾಮವೂ ಇಲ್ಲ. ಓದುವ ಪ್ರೋಗ್ರಾಂ ಇಪ್ಪತ್ತಿಪ್ಪತ್ತು ಎಣಿಸಿಕೊಂಡು ಹೋಗುತ್ತೆ. ಹೆಸರಿಗೆ 16 ಕೊಟ್ಟರೆ ಹಳೇ ಪ್ರೋಗ್ರಾಂಗೆ ಮುಂದಿನದೆಲ್ಲ ತಪ್ಪು. ಸಿಇಟಿಯಲ್ಲಿ ಒಎಂಆರ್ ಶೀಟಿನ ಒಂದು ಸಾಲು ತಪ್ಪಿ ಗೋಲ ತುಂಬಿದರೆ ಆಗೋ ಹಾಗೆ.

ಫ್ರೀಬಿಎಸ್‌ಡಿಯಲ್ಲಿ ಈ ಮಿತಿಯ ಹೆಸರು ಮ್ಯಾಕ್ಸ್‌ಲಾಗ್‌ನೇಮ್, ಪ್ಯಾರಮ್.ಎಚ್ ಫೈಲಿನ ಒಂದು ಸಾಲು. ಒಂಬತ್ತನೇ ಆವೃತ್ತಿಯಲ್ಲಿ 17 ಇತ್ತು, ಹತ್ತರಲ್ಲಿ 33 ಆಯ್ತು. (ಕೊನೆಯ ಒಂದು ಬೈಟ್ ‘ಹೆಸರು ಮುಗೀತು’ ಅನ್ನೋ ಸೊನ್ನೆಗೆ.) ನಾನು ವರ್ಚುವಲ್ ಮಷೀನಿನಲ್ಲಿ ಒಂಬತ್ತನ್ನು ಹಾಕಿ ಆ ಸಾಲು ತಿದ್ದಿದೆ. ತಿದ್ದೋಕೆ ಹತ್ತು ಸೆಕೆಂಡ್. ಆಮೇಲೆ ಕರ್ನಲ್‌ನಿಂದ ಹಿಡಿದು ಸಣ್ಣ ಕಮ್ಯಾಂಡಿನವರೆಗೆ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕು. ಲ್ಯಾಪ್‌ಟಾಪ್ ಫ್ಯಾನ್ ರಾತ್ರಿಯಿಡೀ ಕೂಗಿ ರೂಮ್‌ಮೇಟ್ ಬೈದ. ಬೆಳಿಗ್ಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂತ ಇಂಗ್ಲಿಷಿನಲ್ಲಿ ಪೂರಾ 22 ಅಕ್ಷರದ ಯೂಸರ್ ಮಾಡಿದೆ, ತಗೊಂಡಿತು!

ಕನ್ನಡದಲ್ಲಿ? ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒತ್ತು ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಶ್ರೀ’ ಒಂದಕ್ಕೇ 12. ‘ಕುವೆಂಪು’ 21, ‘ಶ್ರೀನಿವಾಸ’ 27. ಎಂಟರಲ್ಲೂ ಹದಿನಾರರಲ್ಲೂ ಹಿಡಿಯದ ಇಬ್ಬರೂ 32ರಲ್ಲಿ ಹಿಡೀತಾರೆ. ಆದರೂ ಡೆಬಿಯನ್ನಿನ ಆಡ್‌ಯೂಸರ್ ಮಾಮೂಲಿಯಾಗಿ ಎ-ಯಿಂದ-ಝಡ್ ಬಿಟ್ಟು ಬೇರೆ ಲಿಪಿ ಒಪ್ಪಲ್ಲ. ಆ ನಿಯಮವೂ ಒಂದು ಕಾನ್ಫಿಗ್ ಫೈಲಿನ ಒಂದು ಸಾಲು. ರೂಮ್‌ಮೇಟ್ ಊರಿಗೆ ಹೋದಾಗ ಅದನ್ನೂ ನೋಡ್ತೀನಿ.