ಕುಣಿಗಲ್ ಕೆರೆ ಹಾಡಿನಲ್ಲಿ ಮಾತಾಡೋರು ಯಾರು?

ಪದ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಎರಡೇ ಪ್ರಶ್ನೆ. ಒಂದು ‘ಸಾರಾಂಶ ಬರೆಯಿರಿ’, ಇನ್ನೊಂದು ‘ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ’. ಸಮನ್ವಯವಂತೂ ಬಾಯಿಪಾಠ. ನಮ್ಮ ಜಿಲ್ಲೆಯದೇ ಆದ ‘ಮೂಡಲ್ ಕುಣಿಗಲ್ ಕೆರೆ’ ಜನಪದ ಗೀತೆಯನ್ನೇ ತಗೊಳ್ಳಿ. ಅದರಲ್ಲಿ ಕೆರೆಯ ಬಾಗನ್ನು ಬಾಳೆಹಣ್ಣಿಗೆ ಹೋಲಿಸಿದೆ. ಕೆರೆ ಉಪಮೇಯ, ಬಾಳೆಹಣ್ಣು ಉಪಮಾನ, ‘ಅಂತೆ’ ವಾಚಕಪದ, ಬಾಗಿರುವುದು ಸಮಾನಧರ್ಮ. ಆದ್ದರಿಂದ ಇದು ಉಪಮಾಲಂಕಾರ. ಮುಗೀತು, ಅಂಕ ಬಂತು.

ಆದರೆ ಬಾಳೆಹಣ್ಣೇ ಯಾಕೆ? ಅದೇ ಬಾಗು ಕುಡುಗೋಲಿಗೂ ಇದೆ, ಬಿದಿಗೆ ಚಂದ್ರನಿಗೂ ಇದೆ. ಇನ್ನೊಂದು ಕಡೆ ತುಂಬಿದ ಕೆರೆಗೆ ನಿಂಬೆಹಣ್ಣಿನ ಹೋಲಿಕೆ ಬರುತ್ತೆ. ಎರಡೂ ಹಿತ್ತಲಲ್ಲಿ ಬೆಳೆಯೋವು, ಕೈಯಲ್ಲಿ ಹಿಡಿಯೋವು. ಅಷ್ಟು ದೊಡ್ಡ ಕೆರೇನ ಅಂಗೈಗೆ ತಂದಿಟ್ಟಂಗಾಯ್ತು! ಆಸ್ಥಾನ ಕವಿಯಾಗಿದ್ದರೆ ಸಾಗರಕ್ಕೆ ಹೋಲಿಸ್ತಿದ್ದ ಅಂತ ನನಗನ್ನಿಸುತ್ತೆ.

ಜನಪದ ಗೀತೆಗೆ ಕವಿಯ ಹೆಸರಿಲ್ಲ. ಆದರೂ ಒಳಗೆ ಮಾತಾಡೋರು ಒಬ್ಬರು ಇರ್ತಾರೆ. ಬರೆದವರು ಬೇರೆ, ಪದ್ಯದಲ್ಲಿ ಮಾತಾಡೋರು ಬೇರೆ. ಗುಬ್ಬಿ ತಾಲ್ಲೂಕಿನ ನಮಗೆ ಇದನ್ನ ಬಿಡಿಸಿ ಹೇಳಬೇಕಾ? ಗುಬ್ಬಿ ವೀರಣ್ಣನವರ (1891–1972) ಕಂಪನಿ ನಾಟಕದಲ್ಲಿ ಪಾತ್ರಧಾರಿ ಅತ್ತರೆ ಅದು ಪಾತ್ರದ ಅಳು, ನಾಟಕ ಬರೆದವರದ್ದಲ್ಲ. ಕೆರೆ ಹಾಡಿನಲ್ಲಿ ಭಾವ ಬಣ್ಣದ ಸೀರೆ ತಂದ ಮಾತು ಬರುತ್ತೆ. ‘ಯಾರೋ ದಾರಿಹೋಕ ಕೆರೆ ನೋಡಿ ಹಾಡಿದ್ದು’ ಅಂತ ನನ್ನ ಗೆಳೆಯ ವಾದಿಸ್ತಾನೆ. ದಾರಿಹೋಕನಿಗೆ ಯಾವ ಭಾವ ಸೀರೆ ತರ್ತಾನೆ? ಮಾತಾಡ್ತಿರೋದು ಹೆಣ್ಣುಮಗಳೇ. ಆ ಭಾವ ಅಕ್ಕನ ಗಂಡನೋ, ಸೋದರತ್ತೆ ಮಗನೋ, ಹಾಡು ಬಿಡಿಸಿ ಹೇಳಲ್ಲ.

ಇನ್ನು ದನಿ. ‘ಸಂತೋಷ’ ಅಂತ ಬರೆದರೆ ತಪ್ಪೇನಲ್ಲ. ನಮ್ಮ ಸೋದರತ್ತೇನ ಕುಣಿಗಲ್ ಕಡೆಗೆ ಕೊಟ್ಟಿದೆ. ಅವರದು ಕೆರೆ ಕೆಳಗಿನ ಗದ್ದೆ. ಕೆರೆ ತುಂಬದಿದ್ದರೆ ನಾಟಿ ಇಲ್ಲ, ಭತ್ತ ಇಲ್ಲ. ಅಂಥ ಒಂದು ವರ್ಷ ಮಾವ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಅತ್ತೆ ಗೌರಿ ಹಬ್ಬಕ್ಕೆ ತವರಿಗೆ ಬರಲಿಲ್ಲ. ಅಪ್ಪನೇ ಬಾಗಿನ ತಗೊಂಡು ಹೋಗಿ ಕೊಟ್ಟು ಬಂದ. ಆಮೇಲೊಂದು ಸಲ ಬಂದಾಗ ಅತ್ತೆ ಅಂಗಳದಲ್ಲಿ ರಾಗಿ ಹಸನು ಮಾಡ್ತಾ ಈ ಹಾಡು ಹೇಳಿದಳು. ಕೆರೆ ತುಂಬಿದ ಸಾಲಿಗೆ ದನಿ ಎತ್ತಿದಳು, ಸೀರೆ ಸಾಲಿಗೆ ಬಂದಾಗ ಇಳಿಸಿಬಿಟ್ಟಳು. ಪದ ಒಂದೂ ಬದಲಾಗಲಿಲ್ಲ. ಕೆರೆ ತುಂಬಿದರೇನೇ ಸೀರೆ ಅನ್ನೋದು ಆಗ ನನಗೆ ಕೇಳಿಸಿತು. ಆಶಯ ಏನು ಅಂದರೆ ‘ಪ್ರಕೃತಿ ಸೌಂದರ್ಯ’ ಅಂತ ಒಂದೇ ಗೆರೇಲಿ ಬರೆದುಬಿಡ್ತೀವಲ್ಲ, ಆಗ ಗದ್ದೆ, ಸಾಲ, ತವರು ಎಲ್ಲಾ ಹೊರಗೇ ಉಳಿಯುತ್ತೆ.

‘ಅತ್ತೆ, ಇದನ್ನ ಮೊದಲು ಹಾಡಿದ್ದು ಯಾರು?’ ಅಂತ ಕೇಳಿದೆ. ‘ಸೀರೆ ಬರುತ್ತೆ ಅಂತ ಕಾಯ್ತಾ ಕೂತಿದ್ದೋಳು ಕಣೋ’ ಅಂದು ಮೊರ ಕೊಡವಿದಳು.

ನಿಮ್ಮ ಮನೇಲಿ ಸೀರೆ ಸಾಲನ್ನ ಬೇರೆ ಥರ ಹಾಡೋದಿದ್ದರೆ ಬರೆದು ಕೊಡಿ. ಮುಂದಿನ ಸಂಚಿಕೆಗೆ ಅಂಟಿಸೋಣ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿ