ತಳ್ಳುಗಾಡಿಯ ಎಲೆ

ಬಳ್ಳಾರಿಯ ಬಿಸಿಲಿಗೆ ಹೆದರದವರಿಲ್ಲ. ಬಳ್ಳಾರಿಯ ಮಿರ್ಚಿಗೆ ಹೆದರುವವರಿಲ್ಲ. ಹಗಲೆಲ್ಲ ಕಾದ ಕಲ್ಲುಬೆಟ್ಟವು ಕೋಟೆಯನ್ನು ತಲೆಯ ಮೇಲೆ ಹೊತ್ತು ಸಂಜೆಯಲ್ಲೂ ಬಿಸಿಯುಸಿರು ಬಿಡುತ್ತಿರುವಾಗಲೇ, ಕೆಳಗಿನ ಬೀದಿಗಳಲ್ಲಿ ಬಾಣಲೆಗಳು ಒಲೆಯೇರುತ್ತವೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳೊಡನೆ ಹೊರಳಿಸಿ, ಮೇಲೆ ಪುಟಾಣಿಯ ಪುಡಿಯುದುರಿಸಿದರೆ ಒಗ್ಗರಣೆ ಸಿದ್ಧ. ಈ ಸೀಮೆಯಲ್ಲಿ ಒಗ್ಗರಣೆಯೆಂದರೆ ಸಾಸಿವೆ ಸಿಡಿಸುವ ಕೆಲಸವಷ್ಟೇ ಅಲ್ಲ, ಅದೊಂದು ತಿಂಡಿಯೂ ಹೌದು. ಗಡಿಯಾಚೆಯ ತೆಲುಗರು ಅದನ್ನೇ ಉಗ್ಗಾನಿ ಎನ್ನುವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ ಆದವಾನಿ ಆಂಧ್ರಕ್ಕೆ ಹೋದಾಗ ಭೂಪಟದ ಮೇಲೆ ಗೆರೆ ಬಿದ್ದಿತು, ಬಾಣಲೆಯಲ್ಲಿ ಬೀಳಲಿಲ್ಲ.

"ಎಲಿ ಇಲ್ಲೇನವ್ವಾ?" ಎಂದು ಗಾಡಿಯ ಮುಂದೆ ನಿಂತ ವೃದ್ಧರೊಬ್ಬರು ಕೇಳುತ್ತಾರೆ.

"ಎಲಿಗೆ ರೊಕ್ಕ ಯಾರು ಕೊಡ್ತಾರ್ರೀ ಯಜಮಾನ್ರೇ? ಪೇಪರ್ನಾಗ ಕೊಡ್ತೀನಿ, ತಗೊಳ್ಳಿ."

ಆ ತಾಯಿಯ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ತಿಂಡಿ ಗಾಡಿಯವರೆಗೆ ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದವನಿಗೆ ಈ ಕಾಗದದ ಚೂರು ವಿಚಿತ್ರವಾಗಿ ಕಾಣುವುದು.

ಬಳ್ಳಾರಿಯಿಂದ ಉತ್ತರಕ್ಕೆ ಸಾಗಿದರೆ ಸಿರುಗುಪ್ಪ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಕಾಲುವೆ ನೀರುಂಡು, ಮಳೆಯ ಮುಖ ನೋಡುತ್ತಿದ್ದ ನೆಲವು ಭತ್ತದ ಕಣಜವಾಗಿದೆ. ಊರ ಸುತ್ತ ಅಕ್ಕಿ ಗಿರಣಿಗಳು. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಅದನ್ನು ಯಾರೂ ಬೀದಿಗೆಸೆಯುವುದಿಲ್ಲ. ಗಿರಣಿಯ ಬಾಯ್ಲರಿಗೂ ಮಂಡಕ್ಕಿ ಭಟ್ಟಿಗೂ ಅದೇ ಉರುವಲು. ಭತ್ತವನ್ನು ನೆನೆಯಿಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿ, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ, ಕಣ್ಣು ಮಿಟುಕಿಸುವುದರೊಳಗೆ ಮಲ್ಲಿಗೆಯಂತೆ ಅರಳುವುದು. ಅಂದರೆ ಕಾಳನ್ನು ಅರಳಿಸುವ ಬೆಂಕಿ ಆ ಕಾಳಿನದೇ ಸಿಪ್ಪೆಯಿಂದ ಬಂದದ್ದು! ತೌಡಿನಿಂದ ಎಣ್ಣೆ, ಹುಲ್ಲು ದನಕ್ಕೆ. ವಿನ್ಯಾಸ ಶಾಸ್ತ್ರವನ್ನು ಓದಿದವರಾರೂ ಇದನ್ನು ರಚಿಸಲಿಲ್ಲ; ಬಡತನವೂ ಬುದ್ಧಿಯೂ ಕೂಡಿ ರಚಿಸಿದವು.

ಇತ್ತ ಕುರುಗೋಡಿನ ಕರಿ ಎರೆಯಲ್ಲಿ ಮೆಣಸಿನಕಾಯಿಯ ಬೆಳೆ. ಕೆಂಪಾಗಿ ಒಣಗಿದ್ದರಲ್ಲಿ ಬಹುಪಾಲು ಬ್ಯಾಡಗಿಯ ಮಾರುಕಟ್ಟೆಗೆ ಹೊರಡುತ್ತದೆ. ಸಿಂದ ಅರಸರು ಆಳಿದ ಈ ಊರಿನಲ್ಲಿ ದೊಡ್ಡಬಸವೇಶ್ವರನೆಂಬ ಹೆಸರಿನ ಭಾರಿ ನಂದಿಯಿದ್ದಾನೆ. ಒಂದೇ ಕಲ್ಲಿನಿಂದ ಕಡೆದವನು. ಅವನ ತೇರಿನ ಕಾಲಕ್ಕೆ ಮಂಡಕ್ಕಿಯ ರಾಶಿ ಹಾಕಿ ಮಿರ್ಚಿ ಕರಿಯುವ ಅಂಗಡಿಗಳು ಸಾಲುಗಟ್ಟುತ್ತವೆ. ಒಳಗೆ ಕಲ್ಲಿನ ಬಸವನಿಗೆ ಪೂಜೆ ನಡೆಯುತ್ತಿರುವಾಗ, ಹೊರಗೆ ಜೀವಂತ ಬಸವನು ಎಣ್ಣೆ ಮೆತ್ತಿದ ಪ್ಲಾಸ್ಟಿಕ್ ಚೀಲವನ್ನು ಜಗಿಯುತ್ತ ನಿಂತಿರಬಾರದಲ್ಲವೆ? ಹಿಂದೆ ಮುತ್ತುಗದ ಎಲೆಯಲ್ಲಿ ತಿಂದೆಸೆದರೆ ದನ ಮೇಯುತ್ತಿತ್ತು, ಉಳಿದದ್ದು ಗೊಬ್ಬರವಾಗುತ್ತಿತ್ತು. ಅದೇ ಅಭ್ಯಾಸದಲ್ಲಿ ಮನುಷ್ಯನ ಕೈ ಇಂದಿಗೂ ಎಸೆಯುತ್ತದೆ, ದನದ ಬಾಯಿ ಇಂದಿಗೂ ಮೇಯುತ್ತದೆ. ಬದಲಾದದ್ದು ಎಲೆಯೊಂದೇ.

ಕಾನೂನುಗಳಿಗೇನೂ ಬರವಿಲ್ಲ. ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಚಮಚಗಳಿಗೆ ದೇಶದಲ್ಲೆಲ್ಲ ತಡೆ ಬಿದ್ದಿತು. ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟಿದರೆ ಮಸಿಯ ವಿಷ ಹೊಟ್ಟೆ ಸೇರುವುದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು. ಧಾರಾವಾಹಿಯ ಕಂತೊಂದು ಮಿರ್ಚಿಯೆಣ್ಣೆಯಲ್ಲಿ ಮಿಂದು ಕೈಸೇರಿದಾಗ, ಮುಂದೇನಾಯಿತೋ ಎಂದು ಕೊರಗಿದ ಓದುಗರೂ ಈ ಎಚ್ಚರಿಕೆಯನ್ನು ಲಕ್ಷಿಸುವುದು ಲೇಸು.

ಕಷ್ಟವಿರುವುದು ಬೇರೆ ಕಡೆ. ಹಳೆಯ ಕಾಗದಕ್ಕಿಂತ ಎಲೆಗೆ ಬೆಲೆ ಹೆಚ್ಚು. ಒಬ್ಬಳೇ ಎಲೆ ಕೊಟ್ಟು ದರವೇರಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಸರಿಯುವನು. ಉಕ್ಕಿನ ತಟ್ಟೆಯಿಡಬೇಕೆಂದರೆ, ಬಳ್ಳಾರಿಯ ಬೇಸಗೆಯಲ್ಲಿ ತೊಳೆಯುವ ನೀರನ್ನು ಎಲ್ಲಿಂದ ತರುವುದು? ಒಂದೇ ಬಕೆಟ್ಟಿನಲ್ಲಿ ನೂರು ತಟ್ಟೆ ಅದ್ದುವುದು ಕಾಗದಕ್ಕಿಂತ ಮೇಲೇನೂ ಅಲ್ಲ. ಆದಕಾರಣ ತಿದ್ದಬೇಕಾದುದು ಒಂದು ಗಾಡಿಯನ್ನಲ್ಲ, ಗಾಡಿಗಳ ಸಾಲನ್ನು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ವ್ಯಾಪಾರಕ್ಕೆಂದು ಜಾಗ ಗುರುತಿಸಲು ಅವಕಾಶವಿತ್ತಿದೆ. ಅಂಥ ಸಾಲಿಗೊಂದು ನಲ್ಲಿ, ಒಟ್ಟಾಗಿ ಕೊಂಡ ಮುತ್ತುಗದೆಲೆ, ಎಂಜಲೆಲೆಗೊಂದು ಗೊಬ್ಬರದ ಗುಂಡಿ: ಇಷ್ಟೇ ಸಾಕು. ಬಣ್ಣದ ಕಮಾನು, ಕಾರಂಜಿಗಳ ಯೋಜನೆ ಬೇಡ. ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆ 2018ರಲ್ಲಿ ಸ್ವಚ್ಛ ಬೀದಿತಿಂಡಿಯ ತಾಣವೆಂಬ ಮಾನ್ಯತೆಯನ್ನು ಪಡೆದದ್ದೂ ಸಾಲಾಗಿಯೇ. ಮದುವೆ-ಸಮಾರಂಭಗಳಿಗೆ ಉಕ್ಕಿನ ತಟ್ಟೆಗಳನ್ನು ಎರವಲು ಕೊಡುವ ಬೆಂಗಳೂರಿನ ಅದಮ್ಯ ಚೇತನದ ತಟ್ಟೆ ಬ್ಯಾಂಕಿನಂಥದು ಕುರುಗೋಡಿನ ಜಾತ್ರೆಗೂ ಒದಗಬಹುದು.

ಮರುದಿನ ಸಂಜೆ ಆ ವೃದ್ಧರು ಪಂಚೆಯ ಮರೆಯಿಂದ ಸ್ಟೀಲಿನ ಡಬ್ಬಿಯೊಂದನ್ನು ಹೊರತೆಗೆದು ಗಾಡಿಯ ಮೇಲಿಟ್ಟರು. ತಾಯಿ ನಕ್ಕು, ಒಗ್ಗರಣೆಯನ್ನು ಒತ್ತಿ ತುಂಬಿ, ಮೇಲೊಂದು ಮಿರ್ಚಿಯನ್ನು ಹೆಚ್ಚಿಗೆ ಇಟ್ಟಳು.

"ಪೇಪರ್ ಉಳೀತಲ್ರೀ," ಎಂದಳು.