ಹದಿಮೂರರ ತಂತಿ, ಹನ್ನೆರಡರ ತಂತಿ

ಗಿಟಾರಿನ ತಂತಿಯ ಬಗ್ಗೆ ಬರೆದುಕೊಡುತ್ತೇನೆ ಎಂದಾಗ ನಮ್ಮ ಸಂಪಾದಕರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. “ಒಂದು ಕವಿತೆ ಕೊಡಬಹುದಿತ್ತಲ್ಲ ಮಾರಾಯ” ಅಂದರು. ಕವಿತೆ ನನ್ನಿಂದ ಆಗುವ ಕೆಲಸವಲ್ಲ. ನಾನು ಕಾಮರ್ಸಿನವನು, ಎರಡು ಬದಿಯ ಮೊತ್ತ ತಾಳೆಯಾಗದಿದ್ದರೆ ನಿದ್ದೆ ಬಾರದವನು. ಈ ತಂತಿಯ ವಿಷಯದಲ್ಲೂ ನನ್ನನ್ನು ಹಿಡಿದು ಕೂರಿಸಿದ್ದು ಸಂಗೀತಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ. ಆ ಲೆಕ್ಕದ ಒಂದು ಬದಿಯಲ್ಲಿ ತಂಗಿಯ ಬೆರಳುಗಳಿದ್ದವು, ಇನ್ನೊಂದು ಬದಿಯಲ್ಲಿ ಅಮ್ಮನ ಗಂಟಲು. ನಡುವೆ ಒಂದೇ ಒಂದು ಗಿಟಾರ್.

ಅದು ನಮ್ಮ ಮನೆಗೆ ಬಂದದ್ದು ಸೆಕೆಂಡ್‌ಹ್ಯಾಂಡ್ ಆಗಿ. ವಿಕ್ರೋಲಿಯ ನಮ್ಮ ಚಾಳಿನಲ್ಲಿದ್ದ ಒಬ್ಬರು ಕೆಲಸ ಸಿಕ್ಕಿ ಗಲ್ಫಿಗೆ ಹೊರಟಾಗ ಕಡಿಮೆ ಬೆಲೆಗೆ ಕೊಟ್ಟುಹೋದರು. ಪ್ಲೈವುಡ್ಡಿನ ಪೆಟ್ಟಿಗೆ, ಆದರೂ ದನಿ ಇದೆ. ಒಂಬತ್ತನೇ ಕ್ಲಾಸಿನ ತಂಗಿ ಅದನ್ನು ಹೆಗಲಿಗೆ ಹಾಕಿಕೊಂಡು ಭಾನುವಾರದ ಕ್ಲಾಸಿಗೆ ಹೋಗತೊಡಗಿದಳು. ಎರಡನೇ ತಿಂಗಳಿಗೆ ಎಡಗೈಯ ಬೆರಳ ತುದಿಗಳಲ್ಲಿ ನೀಲಿ ಗೆರೆಗಳು. ಊಟಕ್ಕೆ ಕೂತರೆ ತಟ್ಟೆ ಹಿಡಿಯಲೂ ಬಲಗೈಯೇ ಬೇಕು. ಕಲಿಸುವವರನ್ನು ಕೇಳಿದರೆ “ರಕ್ತ ಬರದೆ ಗಿಟಾರ್ ಬರುವುದಿಲ್ಲ” ಎಂದರಂತೆ. ಒಂದು ರಾತ್ರಿ ಅವಳು ಗಿಟಾರನ್ನು ಮಂಚದಡಿಗೆ ತಳ್ಳಿ, “ಅಣ್ಣಾ, ನಂಗೆ ಬೇಡ ಇದು, ಯಾರಿಗಾದ್ರೂ ಕೊಟ್ಬಿಡು” ಅಂದಳು.

ಮೊದಮೊದಲು ಬೆರಳು ನೋಯುವುದು ಸಹಜ. ಕೆಲವು ವಾರಗಳಲ್ಲಿ ತುದಿಯ ಚರ್ಮ ಗಟ್ಟಿಯಾಗುತ್ತದೆ, ಆಮೇಲೆ ನೋವು ಕಡಿಮೆಯಾಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ಎಷ್ಟು ನೋಯಬೇಕು ಎಂಬುದಕ್ಕೆ ಒಂದು ಅಳತೆ ಇರಬೇಕಲ್ಲ? ನೋವನ್ನೇ ಸಾಧನೆ ಎಂದು ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಅವರು ಸಾಮಾನ್ಯವಾಗಿ ಹೊಗಳುವುದು ಇನ್ನೊಬ್ಬರ ನೋವನ್ನು.

ದೊಡ್ಡಪ್ಪನ ಮಗ ಭಾಂಡೂಪಿನ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದಾನೆ. ಗಿಟಾರನ್ನು ಅವನಲ್ಲಿಗೆ ಒಯ್ದು, ಅತಿ ತೆಳುವಾದ ಮೊದಲನೇ ತಂತಿಯನ್ನು ಮೈಕ್ರೋಮೀಟರಿನಲ್ಲಿ ಹಿಡಿಸಿದೆ. “ಎಂತದಾ, ತಂತಿಗೂ ಜಾತಕ ಬರೆಸ್ತೀಯಾ?” ಎಂದು ನಕ್ಕ. ಅಳತೆ 0.33 ಮಿಲಿಮೀಟರ್ ಬಂತು. ಅಂದರೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಹದಿಮೂರು ಭಾಗ.

ಈ ಸಾವಿರದ ಲೆಕ್ಕಕ್ಕೇ ಗೇಜ್ ಎನ್ನುವುದು. ಅಂಗಡಿಯಲ್ಲಿ ತಂತಿಯ ಪೊಟ್ಟಣದ ಮೇಲೆ 10-47, 12-53, 13-56 ಎಂದೆಲ್ಲ ಬರೆದಿರುತ್ತದೆ. ಮೊದಲನೆಯದು ಅತಿ ತೆಳು ತಂತಿಯ ದಪ್ಪ, ಎರಡನೆಯದು ಅತಿ ದಪ್ಪ ತಂತಿಯದು. ನುಡಿಸುವವರು ಮೊದಲನೇ ಅಂಕಿಯನ್ನೇ ಹಿಡಿದು ‘ಹತ್ತರ ಸೆಟ್ಟು’, ‘ಹನ್ನೆರಡರ ಸೆಟ್ಟು’ ಅನ್ನುತ್ತಾರೆ. ಹತ್ತಕ್ಕೂ ಹದಿಮೂರಕ್ಕೂ ಮೂರೇ ಅಂಕಿ ವ್ಯತ್ಯಾಸ, ಕಣ್ಣಿಗೆ ಎರಡೂ ಒಂದೇ. ಆದರೆ ಬೆರಳಿಗೆ ಒಂದೇ ಅಲ್ಲ. ಮರ್ಸೆನ್ ಎಂಬ ಫ್ರೆಂಚ್ ಪಾದ್ರಿಯೊಬ್ಬ 1636ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ತಂತಿಗಳ ನಿಯಮವನ್ನು ಬರೆದಿಟ್ಟಿದ್ದಾನೆ. ಉದ್ದ ಒಂದೇ, ಶ್ರುತಿ ಒಂದೇ ಇದ್ದು, ತಂತಿ ಮಾತ್ರ ದಪ್ಪವಾದರೆ ಎಳೆತ ದಪ್ಪದ ವರ್ಗದಷ್ಟು ಏರುತ್ತದೆ. (ಏಳನೆಯವರೆಗೆ ನಾನು ಓದಿದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ‘ವರ್ಗ’ ಎಂದರೆ ಮಾತ್ರ ನನಗೆ ಸಂಖ್ಯೆ ಎನ್ನಿಸುವುದು. ‘ಸ್ಕ್ವೇರ್’ ಎಂದರೆ ಇವತ್ತಿಗೂ ಕಣ್ಣ ಮುಂದೆ ಬರುವುದು ಚೌಕ.) ಹತ್ತರ ವರ್ಗ 100. ಹನ್ನೆರಡರದ್ದು 144. ಹದಿಮೂರರದ್ದು 169. ಹತ್ತರ ತಂತಿಯಲ್ಲಿ ನೂರು ರೂಪಾಯಿಗೆ ಸಿಗುವ ಸ್ವರಕ್ಕೆ ತಂಗಿ ನೂರ ಅರವತ್ತೊಂಬತ್ತು ಕೊಡುತ್ತಿದ್ದಳು, ಅದೂ ಬೆರಳಿನ ಚರ್ಮದಲ್ಲಿ.

ಆರು ತಂತಿಗಳ ಎಳೆತವನ್ನು ಒಟ್ಟು ಕೂಡಿದರೆ ಹದಿಮೂರರ ಸೆಟ್ಟಿಗೆ ಸುಮಾರು 185 ಪೌಂಡು, ಹನ್ನೆರಡರದ್ದಕ್ಕೆ ಸುಮಾರು 160, ಹತ್ತರದ್ದಕ್ಕೆ ಸುಮಾರು 130. ಕಿಲೋ ಲೆಕ್ಕದಲ್ಲಿ 84, 73, 59. ಅಂದರೆ ಹಗಲೂ ರಾತ್ರಿ ಒಬ್ಬ ದೊಡ್ಡ ಮನುಷ್ಯ ಆ ತೆಳು ಹಲಗೆಯನ್ನು ಹಿಡಿದು ಜಗ್ಗುತ್ತಿದ್ದ ಹಾಗೆ. ನಮ್ಮ ಗಿಟಾರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ತಂತಿಗಳು ಕೂರುವ ಕುದುರೆಯ ಹಿಂದೆ ಹಲಗೆ ಉಬ್ಬಿರುವುದು ಕಾಣುತ್ತಿತ್ತು. ನೋಯುತ್ತಿದ್ದುದು ತಂಗಿಗೆ ಮಾತ್ರವಲ್ಲ, ಮರಕ್ಕೂ.

ಹಾಗಾದರೆ ಹತ್ತರ ಸೆಟ್ಟು ತಂದರೆ ಮುಗಿಯಿತಲ್ಲ ಎನ್ನುತ್ತೀರಿ. ಮುಗಿಯುತ್ತಿತ್ತು, ಅಮ್ಮ ಇಲ್ಲದಿದ್ದರೆ.

ಅಮ್ಮ ಹಾಡುವವಳು. ದಾಸರ ಪದಗಳು, ಶನಿವಾರದ ಭಜನೆ, ಊರಿಂದ ತಂದ ಒಂದು ಹಳೆಯ ಹಾಡಿನ ಪುಸ್ತಕ. ಹಾರ್ಮೋನಿಯಂನಲ್ಲಿ ಬಿಳಿ ಆರು ಅವಳ ಶ್ರುತಿ. ಎರಡು ವರ್ಷದ ಹಿಂದೆ ಥೈರಾಯಿಡಿನ ಆಪರೇಷನ್ ಆಯಿತು. ಕಾಯಿಲೆ ವಾಸಿಯಾಯಿತು, ದನಿ ಮಾತ್ರ ಒಂದು ಮೆಟ್ಟಿಲು ಕೆಳಗಿಳಿದು ಬಿಳಿ ಐದರಲ್ಲಿ ಕೂತಿತು. ಭಜನಾ ಮಂಡಳಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಬಿಳಿ ಆರರಲ್ಲಿ ಹಾಡುವಾಗ ಇವಳಿಗೆ ಮೇಲಿನ ಷಡ್ಜ ಮುಟ್ಟಲು ಆಗದು. “ನನ್ನೊಬ್ಬಳಿಗೆ ಬೇಕಾಗಿ ಎಲ್ಲರ ಶ್ರುತಿ ಇಳಿಸ್ಲಿಕ್ಕೆ ಆಗ್ತದಾ ಮಗಾ?” ಎಂದು ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಶ್ರುತಿಪೆಟ್ಟಿಗೆ ಕೆಟ್ಟು ಕೂತಿತ್ತು. ಫೋನಿನಲ್ಲಿ ತಂಬೂರಿ ಹಾಕಿಕೊಟ್ಟೆ. ಎರಡು ದಿನ ಕೇಳಿ, “ಇದು ಯಾರೋ ಬಾಗಿಲ ಹೊರಗೆ ನಿಂತು ಮೀಟಿದ ಹಾಗೆ ಉಂಟು” ಎಂದು ಆರಿಸಿದಳು.

ಗಿಟಾರಿನ ಆರು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಕೂಡಿಸುವುದು ಎಲ್ಲರ ರೂಢಿ. ಇನ್ನೊಂದು ಕ್ರಮವೂ ಇದೆ: ಆರನೆಯದು, ಐದನೆಯದು, ಮೊದಲನೆಯದು, ಈ ಮೂರನ್ನು ಒಂದೊಂದು ಸ್ವರ ಇಳಿಸಿದರೆ ಡಿ, ಜಿ, ಡಿ, ಜಿ, ಬಿ, ಡಿ ಆಗುತ್ತದೆ. ಬಿಳಿ ಐದು ಎಂದರೆ ಜಿ. ಅದನ್ನು ಷಡ್ಜ ಎಂದುಕೊಂಡು ಎಣಿಸಿ: ಪ, ಸ, ಪ, ಸ, ಗ, ಪ. ಎಡಗೈ ಮುಟ್ಟಿಸುವುದೇ ಬೇಡ. ಬಲಗೈಯಲ್ಲಿ ಒಂದೊಂದಾಗಿ ಮೀಟುತ್ತಿದ್ದರೆ ತಂಬೂರಿ. ಗಾಂಧಾರ ಒಂದು ತುಸು ತಕರಾರಿನದು. ಅದು ಅಂತರ ಗಾಂಧಾರ, ಶಂಕರಾಭರಣ ಕಲ್ಯಾಣಿಗಳಿಗೆ ಸರಿ, ಖರಹರಪ್ರಿಯಕ್ಕೆ ಆಗದು. ಅಂಥ ಹಾಡು ಬಂದರೆ ಆ ತಂತಿಯನ್ನು ಬಿಟ್ಟು ಮೀಟಿದರಾಯಿತು.

ಈಗ ಲೆಕ್ಕ ಬಿಗಿಯಾಯಿತು. ಒಂದು ಸ್ವರ ಇಳಿಸಿದರೆ ತಂತಿಯ ಎಳೆತದಲ್ಲಿ ಐದನೇ ಒಂದು ಭಾಗ ಹೋಗುತ್ತದೆ. ಹತ್ತರ ಸೆಟ್ಟು ಮೊದಲೇ ಮೃದು. ಅದನ್ನು ಇನ್ನೂ ಇಳಿಸಿದರೆ ಆರನೇ ತಂತಿ ಬಟ್ಟೆ ಒಣಗಿಸುವ ಹಗ್ಗದಂತೆ ಜೋತು, ಫ್ರೆಟ್ಟಿಗೆ ತಾಗಿ ಝರ್ರೆನ್ನುತ್ತದೆ. ಮೇಲಾಗಿ ಕತ್ತಿನ ಮೇಲ್ತುದಿಯ ಪಟ್ಟಿಯಲ್ಲಿದ್ದ ಗಾಡಿಗಳು ಹದಿಮೂರರ ದಪ್ಪಕ್ಕೆ ಕೊರೆದವು. ಅಮ್ಮನ ತಂಬೂರಿಗೆ ದಪ್ಪ ತಂತಿ ಬೇಕು, ತಂಗಿಗೆ ಹಗುರ ತಂತಿ ಬೇಕು. ಎರಡು ಗಿಟಾರ್ ಕೊಳ್ಳುವ ಮನೆ ನಮ್ಮದಲ್ಲ. ದಿನಾ ಸಂಜೆ ಸೆಟ್ಟು ಬದಲಿಸುವುದು ಯಾರಿಂದಲೂ ಆಗದ ಮಾತು.

ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಂಕಿಗಳನ್ನು ಗೀಚುತ್ತ ಕೂತಿದ್ದೆ. ಹನ್ನೆರಡರ ಸೆಟ್ಟು 160. ಅದನ್ನು ಇಡಿಯಾಗಿ, ಆರೂ ತಂತಿಗಳನ್ನು, ಒಂದು ಸ್ವರ ಇಳಿಸಿದರೆ? ಐದನೇ ಒಂದು ಭಾಗ 32 ಹೋಯಿತು, ಉಳಿದದ್ದು 128. ಹತ್ತರ ಸೆಟ್ಟಿನದ್ದು 130! ಪೆನ್ನು ಕೆಳಗಿಟ್ಟು ಮತ್ತೆ ಕೂಡಿದೆ. ಅಷ್ಟೇ ಬಂತು. ಹನ್ನೆರಡರ ತಂತಿ ಒಂದು ಸ್ವರ ತಗ್ಗಿ ನಿಂತರೆ ಬೆರಳಿಗೆ ಹತ್ತರ ತಂತಿಯಷ್ಟೇ ಭಾರ.

ಆದರೆ ತಂಗಿಯ ಕ್ಲಾಸಿನಲ್ಲಿ ಎಲ್ಲರದ್ದೂ ರೂಢಿಯ ಶ್ರುತಿ, ಇವಳೊಬ್ಬಳದ್ದು ಒಂದು ಸ್ವರ ಕೆಳಗೆ ಇದ್ದರೆ ನಡೆಯದು. ಅದಕ್ಕೆ ಕ್ಯಾಪೋ ಇದೆ: ಬಟ್ಟೆಯ ಕ್ಲಿಪ್ಪಿನಂಥ ಒಂದು ಚಿಮಟ, ಆರೂ ತಂತಿಗಳನ್ನು ಒಮ್ಮೆಗೇ ಒತ್ತಿ ಹಿಡಿಯುವಂಥದ್ದು. ಎರಡನೇ ಫ್ರೆಟ್ಟಿನಲ್ಲಿ ಹಾಕಿದರೆ ತಂತಿ ಗಿಡ್ಡವಾಗಿ ಶ್ರುತಿ ಸರಿಯಾಗಿ ಒಂದು ಸ್ವರ ಏರುತ್ತದೆ. ಬಿಗಿತ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅಲ್ಲಿಂದ ಮುಂದೆ ಫ್ರೆಟ್ಟುಗಳ ನಡುವಿನ ಅಂತರವೂ ಕಿರಿದು, ಚಿಕ್ಕ ಕೈಗೆ ಅನುಕೂಲ. ಅಮ್ಮನ ಕಡೆ ನೋಡಿ: ಇಡೀ ಗಿಟಾರ್ ಒಂದು ಸ್ವರ ತಗ್ಗಿದ್ದರೆ ಆರನೆಯದು, ಐದನೆಯದು, ಮೊದಲನೆಯದು ಆಗಲೇ ಡಿ, ಜಿ, ಡಿ. ನಡುವಿನ ಮೂರನ್ನು ಮಾತ್ರ ಒಂದು ಸ್ವರ ಏರಿಸಿದರೆ ಅವಳ ತಂಬೂರಿ ಸಿದ್ಧ. ಮೂರು ಬಿರಡೆ, ಎರಡು ನಿಮಿಷ.

ಮರುದಿನ ಕಾಲೇಜು ಮುಗಿಸಿ ಧೋಬಿ ತಲಾವಿಗೆ ಹೋದೆ. ಅಂಗಡಿಯ ಹುಡುಗ ನನ್ನನ್ನು ನೋಡಿದ್ದೇ, “ಕಲಿಯುವವರಿಗಾ? ಹತ್ತು ತಗೊಳ್ಳಿ” ಎಂದು ಹಿಂದಿಯಲ್ಲಿ ಹೇಳಿ ಪೊಟ್ಟಣ ಮುಂದಿಟ್ಟ. ಅವನು ಹೇಳಿದ್ದು ನ್ಯಾಯವೇ. ಹೊಸದಾಗಿ ಕಲಿಯುವ ಹತ್ತರಲ್ಲಿ ಒಂಬತ್ತು ಮಂದಿಗೆ ಹತ್ತೋ ಹನ್ನೊಂದೋ ಸಾಕು. ನಮ್ಮದು ಹತ್ತನೆಯ ಮನೆ. ಹನ್ನೆರಡರ ಫಾಸ್ಫರ್ ಬ್ರಾಂಜ್ ಸೆಟ್ಟೊಂದು, ಕ್ಯಾಪೋ ಒಂದು ಕೇಳಿ ತಗೊಂಡೆ. ಕೈಬೆವರಿಗೂ ಮುಂಬಯಿಯ ಮಳೆಗಾಲಕ್ಕೂ ತಂತಿ ಬೇಗ ಕಿಲುಬುತ್ತದೆ. ಲೇಪ ಕೊಟ್ಟ ತಂತಿಗಳು ಹೆಚ್ಚು ಬಾಳುತ್ತವೆ, ಬೆಲೆಯೂ ಹೆಚ್ಚು. ನಾನು ಲೇಪವಿಲ್ಲದ್ದನ್ನೇ ಕೊಂಡು, ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಒರೆಸುವ ಕೆಲಸವನ್ನು ತಂಗಿಗೆ ಹಚ್ಚಿದೆ.

ಇಲ್ಲೊಂದು ಮಾತು, ನಿಮ್ಮಲ್ಲಿ ಯಾರಾದರೂ ಮನೆಯ ಹಳೆಯ ಗಿಟಾರಿಗೆ ತಂತಿ ತರುವವರಿದ್ದರೆ. ಮೊದಲು ಅದರ ಮೇಲಿರುವುದು ಉಕ್ಕಿನ ತಂತಿಯೋ ನೈಲಾನೋ ನೋಡಿಕೊಳ್ಳಿ. ನೈಲಾನಿನ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ, ಹತ್ತರದ್ದೂ ಬೇಡ. ಅದರ ಹಲಗೆ ಅಷ್ಟು ಎಳೆತಕ್ಕೆ ಕಟ್ಟಿದ್ದಲ್ಲ. ಕುದುರೆ ಕಿತ್ತು ಬರಬಹುದು.

ಹೊಸ ತಂತಿ ಹಾಕಿದ ಮೂರನೇ ದಿನ ಮೇಲಿನ ಫ್ರೆಟ್ಟುಗಳಲ್ಲಿ ಸಣ್ಣಗೆ ಝೇಂಕಾರ ಕೇಳಿತು. ಎಳೆತ ಕಡಿಮೆಯಾದುದರಿಂದ ಕತ್ತು ಹಿಂದಕ್ಕೆ ನೆಟ್ಟಗಾಗಿ ತಂತಿ ತೀರ ಕೆಳಗೆ ಕೂತಿತ್ತು. ಕತ್ತಿನ ಒಳಗೆ ಒಂದು ಕಬ್ಬಿಣದ ಸರಳಿರುತ್ತದೆ; ದೊಡ್ಡಪ್ಪನ ಮಗ ಬಂದು ಅದನ್ನು ಅಲನ್ ಕೀಯಲ್ಲಿ ಕಾಲು ಸುತ್ತು ಸಡಿಲಿಸಿದ. “ಜಾತಕದಲ್ಲಿ ದೋಷ ಇತ್ತು, ಶಾಂತಿ ಮಾಡಿಸಿದೆ” ಎಂದು ಚಹಾ ಕುಡಿದು ಹೋದ. ಕುದುರೆಯ ಹಿಂದಿನ ಉಬ್ಬು ಪೂರ್ತಿ ಇಳಿದಿಲ್ಲ, ಹೆಚ್ಚಲೂ ಇಲ್ಲ.

ತಂಗಿ ಮಂಚದಡಿಯಿಂದ ತೆಗೆದ ಗಿಟಾರನ್ನು ಮತ್ತೆ ಅಲ್ಲಿಗೆ ತಳ್ಳಿಲ್ಲ. ನೋವು ಇಲ್ಲವೇ ಇಲ್ಲ ಎಂದಲ್ಲ. “ಈಗ ನೋಯೋದು ಕಲಿಯೋ ನೋವು ಅಣ್ಣಾ, ಮೊದ್ಲಿನದ್ದು ಶಿಕ್ಷೆ ಆಗಿತ್ತು” ಅನ್ನುತ್ತಾಳೆ. ಸಂಜೆ ದೀಪ ಹಚ್ಚಿದ ಮೇಲೆ ಅವಳೇ ನಡುವಿನ ಮೂರು ಬಿರಡೆ ತಿರುವಿ ಅಮ್ಮನಿಗೆ ಮೀಟುತ್ತಾಳೆ. ಮೊದಲ ದಿನ ಅಮ್ಮ ಹಾಡಲಿಲ್ಲ. ಕಣ್ಣು ಮುಚ್ಚಿ ಸುಮಾರು ಹೊತ್ತು ಕೇಳುತ್ತ ಕೂತಳು. ಎರಡನೇ ದಿನ ಷಡ್ಜ ಹಿಡಿದಳು. ವಾರ ಕಳೆಯುವುದರೊಳಗೆ ಚಾಳಿನ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ಕೂರತೊಡಗಿದರು.

ಕಳೆದ ತಿಂಗಳು ಅಮ್ಮ ಹಾಡು ನಿಲ್ಲಿಸಿ, “ಇನ್ನು ಅರ್ಧ ಮನೆ ಏರಿಸಿ ನೋಡುವನಾ?” ಎಂದು ಕೇಳಿದಳು. ಬಿಳಿ ಐದರ ಮೇಲೆ ಕಪ್ಪು ನಾಲ್ಕು. ಕ್ಯಾಪೋವನ್ನು ಮೊದಲನೇ ಫ್ರೆಟ್ಟಿಗೆ ಹಾಕಿದರೆ ಆಯಿತು, ಬಿರಡೆ ಮುಟ್ಟುವುದೇ ಬೇಡ. ಡ್ರಾವರಿನಲ್ಲಿ ಹುಡುಕಿದೆ, ಪುಸ್ತಕಗಳ ಹಿಂದೆ ಹುಡುಕಿದೆ. ತಂಗಿ ಅದನ್ನು ಕ್ಲಾಸಿನ ಗೆಳತಿಗೆ ಕೊಟ್ಟು ಬಂದಿದ್ದಳು; ಆ ಹುಡುಗಿಯ ಗಿಟಾರಿನ ಮೇಲಿದ್ದುದೂ ಹದಿಮೂರರ ತಂತಿಯಂತೆ.